ಅಕ್ಕನ ಎತ್ತರ

ನನಗೆ ಗಿಡ್ಡಾದ ಲಂಗಗಳನ್ನು ಅಕ್ಕ ಹಾಕಿಕೊಳ್ಳುತ್ತಿದ್ದಳು. ಓಣಿಯ ಬೇರೆ ಮನೆಗಳಲ್ಲಿ ದೊಡ್ಡ ಮಕ್ಕಳ ಬಟ್ಟೆ ಸಣ್ಣವರಿಗೆ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ನನಗೆ ಏಳು ತುಂಬುವ ಹೊತ್ತಿಗೆ ಅದು ತಿರುವುಮುರುವಾಯಿತು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಅವ್ವ ಟ್ರಂಕಿನಿಂದ ನನ್ನ ಹಳೆಯ ಲಂಗ ತೆಗೆದು ಅಕ್ಕನ ಸೊಂಟಕ್ಕೆ ಹಿಡಿದು ನೋಡುವಾಗ ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ನಾನೂ ಅವಳ ಕಡೆ ನೋಡುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾವು ಹುನಗುಂದದಲ್ಲಿದ್ದೆವು. ಅಪ್ಪ ಬಸ್ ಕಂಡಕ್ಟರ್. ಇಳಕಲ್ಲಿನಿಂದ ಹೊರಟು ಹುನಗುಂದ, ಕಮತಗಿ ದಾಟಿ ಬಾಗಲಕೋಟೆ ಮುಟ್ಟುವ ಗಾಡಿ ಅವನದು. ಮನೆಯಲ್ಲಿ ನಾವು ನಾಲ್ಕೇ ಜನ. ಅಕ್ಕ ನಾಲ್ಕು ವರ್ಷದವರೆಗೆ ಎಲ್ಲ ಮಕ್ಕಳ ಹಾಗೆಯೇ ಬೆಳೆದಳಂತೆ. ಆಮೇಲೆ ನಿಧಾನವಾಯಿತು. ಎಷ್ಟು ನಿಧಾನವೆಂದರೆ, ನಿಂತಿದೆ ಎಂಬುದು ಮನೆಯವರಿಗೆ ತಿಳಿದದ್ದೇ ನಾನು ಅವಳ ಭುಜಕ್ಕೆ ಬಂದು, ಕಿವಿಗೆ ಬಂದು, ಒಂದು ದಿನ ಅವಳನ್ನು ದಾಟಿದಾಗ. ನನ್ನ ಬೆಳವಣಿಗೆಯೇ ಅವಳ ರೋಗವನ್ನು ತೋರಿಸಿಕೊಟ್ಟಿತು. ಈ ಮಾತು ಬಹಳ ದಿನ ನನ್ನ ಎದೆಯಲ್ಲಿತ್ತು.

ಅವ್ವ ಮೊದಲು ಅನ್ನಾಹಾರದ ದೋಷ ಅಂದುಕೊಂಡಳು. ರೊಟ್ಟಿಯ ಜೊತೆ ಬೆಣ್ಣೆ, ಸಂಜೆಗೆ ಶೇಂಗಾ ಬೆಲ್ಲ, ಎಮ್ಮೆಯ ಹಾಲು. ಅಕ್ಕನ ಕೆನ್ನೆ, ಹೊಟ್ಟೆ ತುಂಬಿಕೊಂಡವು, ಎತ್ತರ ಬರಲಿಲ್ಲ. ಯಾರೋ, "ದಿನಾ ಮುಂಜಾನಿ ಟೊಂಗಿಗೆ ಜೋತ ಬೀಳಸ್ರಿ, ಎಲುಬು ಜಗ್ತಾವು," ಅಂದರು. ಹಿತ್ತಲಿನ ಬೇವಿನ ಮರದ ಟೊಂಗೆಗೆ ಅಪ್ಪ ಅವಳನ್ನು ಎತ್ತಿ ಹಿಡಿಸುತ್ತಿದ್ದ. ನೂರು ಎಣಿಸುವ ಕೆಲಸ ನನ್ನದು. ಅರವತ್ತರ ಸುಮಾರಿಗೆ ಅವಳ ಕೈ ನಡುಗುತ್ತಿತ್ತು. ನಾನು ಎಪ್ಪತ್ತನ್ನು ನುಂಗಿ ಎಂಬತ್ತಕ್ಕೆ ಹಾರುತ್ತಿದ್ದೆ. ಅಪ್ಪನಿಗೆ ಅದು ಗೊತ್ತಾಗುತ್ತಿತ್ತು, ಆದರೂ ಸುಮ್ಮನಿರುತ್ತಿದ್ದ. ಅಂಗೈಯ ಬೊಬ್ಬೆ ಒಡೆದ ದಿನ ಅವ್ವ, "ಸಾಕ ಮಾಡ್ರಿ, ಕೂಸಿಗೆ ಶಿಕ್ಷಾ ಕೊಟ್ಟಂಗಾತು," ಎಂದು ಅತ್ತಳು. ಅಲ್ಲಿಗೆ ಅದು ನಿಂತಿತು.

ಶಾಲೆಯಲ್ಲಿ ಅಕ್ಕನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಪಾಠ ಅವಳಿಗೆ ಒಂದು ಸಲ ಕೇಳಿದರೆ ಬಾಯಿಗೆ ಬರುತ್ತಿತ್ತು. ವಚನ ಹೇಳಲು ನಿಂತರೆ ಒಂದಕ್ಷರ ತಪ್ಪುತ್ತಿರಲಿಲ್ಲ. ಆದರೆ ಲೆಕ್ಕ ಬರುತ್ತಿರಲಿಲ್ಲ, ಮತ್ತು ಕೈಗೆ ಹಿಡಿತವಿರಲಿಲ್ಲ. ಭೂಪಟ ಬರೆಯಲು ಕೊಟ್ಟರೆ ಗೆರೆ ಎಲ್ಲೆಲ್ಲೋ ಹೋಗುತ್ತಿತ್ತು. ರವಿಕೆಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಬೇಕಾಗುತ್ತಿತ್ತು. ಇದೆಲ್ಲ ಎಷ್ಟೋ ಮಕ್ಕಳಿಗೆ ಇರುತ್ತದೆ. ಆದರೆ ಗಿಡ್ಡ ಹುಡುಗಿಗೆ ಇದ್ದರೆ ಜನ ಅದನ್ನು ಬೇರೆಯೇ ಥರ ನೋಡುತ್ತಾರೆ. ಅವಳು ಏಳನೆಯ ಇಯತ್ತೆಯಲ್ಲಿ ನಪಾಸಾದಾಗ ಹೆಡ್ಮಾಸ್ತರು ಅಪ್ಪನನ್ನು ಕರೆಸಿದರು. ನಾನು ಬಾಗಿಲಲ್ಲೇ ಇದ್ದೆ.

"ನೋಡ್ರಿ, ಮೈ ಎಷ್ಟು ಬೆಳೀತೈತೋ ತಲಿನೂ ಅಷ್ಟ ಬೆಳೀತೈತಿ," ಅಂದರು ಅವರು. "ಈ ಹುಡುಗೀದು ಮಿದುಳು ಐದಾರು ವರ್ಷದ ಕೂಸಿಂದು. ಅದರ ಮ್ಯಾಲೆ ಯಾಕ ಭಾರ ಹೊರಸ್ತೀರಿ? ಮನ್ಯಾಗ ಇಟ್ಕೋರಿ."

ಅವರು ಕೆಟ್ಟ ಮನುಷ್ಯರಲ್ಲ. ಕರುಣೆಯಿಂದಲೇ ಹೇಳಿದರು. ಅಪ್ಪ, "ಹೌದ್ರಿ ಸರ್," ಎಂದು ಎದ್ದು ಬಂದ. ಅಂಗಳದಲ್ಲಿ ಅಕ್ಕ ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ಮನೆ ಹತ್ತಿರ ಬಂದಾಗ ಅವಳು ನನ್ನ ಕೈ ಜಗ್ಗಿ ಕೇಳಿದಳು: "ತಲಿಯೊಳಗಿಂದು ನೋಡಾಕ ಬರ್ತೈತೇನ?"

ಬಾಗಲಕೋಟೆಯ ಒಬ್ಬ ಡಾಕ್ಟರು ಅಪ್ಪನ ಗಾಡಿಯಲ್ಲಿ ಆಗಾಗ ಓಡಾಡುತ್ತಿದ್ದರು. ಅವರು ಅಕ್ಕನ ಅಂಗೈಯ ಎಕ್ಸ್-ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಅವಳಿಗೆ ಆಗ ಹದಿನೈದು. ಎಲುಬುಗಳಿಗೆ ಮಾತ್ರ ಎಂಟು ವರ್ಷದ ಮಗುವಿನ ವಯಸ್ಸು ಎಂದರು. ಮುಂಬಯಿಗೆ ಒಂದು ಚೀಟಿ ಬರೆದುಕೊಟ್ಟು, "ಅಲ್ಲಿ ಮಿದುಳಿನ ಚಿತ್ರಾ ತೆಗೀಯೋ ಹೊಸಾ ಯಂತ್ರ ಬಂದೈತಿ. ತಡಾ ಮಾಡಬ್ಯಾಡ್ರಿ," ಎಂದರು. ಅಪ್ಪನಿಗೆ ಇಂಗ್ಲಿಷ್ ಬರದು. ನನಗೆ ಅಲ್ಪಸ್ವಲ್ಪ ಬರುತ್ತಿತ್ತೆಂದು ನನ್ನನ್ನೂ ಜೊತೆಗೆ ಕರೆದುಕೊಂಡ. ಬಾಗಲಕೋಟೆಯಿಂದ ಸಣ್ಣ ಹಳಿಯ ರೈಲಿನಲ್ಲಿ ಸೊಲ್ಲಾಪುರ, ಅಲ್ಲಿಂದ ದೊಡ್ಡ ಹಳಿಯ ರೈಲಿನಲ್ಲಿ ಮುಂಬಯಿ. ಅಕ್ಕ ಕಿಟಕಿಯ ಬದಿ ಬಿಟ್ಟು ಕದಲಲಿಲ್ಲ. ಎದುರಿನ ಹೆಂಗಸು ನನ್ನನ್ನು, "ನಿನ್ನ ತಂಗೀನ?" ಎಂದು ಕೇಳಿದಳು. ನಾನು, "ಹೌದ್ರಿ," ಅಂದುಬಿಟ್ಟೆ. ಅಕ್ಕ ತಿರುಗಿ ನೋಡಲಿಲ್ಲ. ಕಿಟಕಿಯ ಸರಳಿಗೆ ಹಣೆಯೊತ್ತಿ ಹೊರಗೇ ನೋಡುತ್ತಿದ್ದಳು.

ಮುಂಬಯಿಯ ಡಾಕ್ಟರಮ್ಮ ಧಾರವಾಡ ಕಡೆಯವರು. ನಮ್ಮ ಮಾತು ಕೇಳಿ ಅವರ ಮುಖ ಅರಳಿತು. ಅಕ್ಕನನ್ನು ಮಗುವಿನ ಹಾಗೆ ಮಾತಾಡಿಸದೆ ಕುರ್ಚಿ ತೋರಿಸಿ, "ಕೂಡ್ರಿ," ಅಂದರು. ಅಕ್ಕನಿಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಎರಡು ದಿನ ರಕ್ತ ತೆಗೆದರು, ತಲೆಯ ಎಕ್ಸ್-ರೇ ತೆಗೆದರು, ದೊಡ್ಡ ಉಂಗುರದಂಥ ಯಂತ್ರದೊಳಗೆ ಅವಳನ್ನು ಮಲಗಿಸಿದರು. ಮೂರನೆಯ ದಿನ ಕಪ್ಪು ಹಾಳೆಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಮ್ಮನ್ನು ಕರೆದರು.

ನಾನು ಮೊದಲ ಸಲ ಮನುಷ್ಯರ ಮಿದುಳಿನ ಚಿತ್ರ ನೋಡಿದ್ದು ಹಾಗೆ. ಬೂದು ಬಣ್ಣದ್ದು, ಎರಡು ಹೋಳು, ನಡುವೆ ಚಿಟ್ಟೆಯ ರೆಕ್ಕೆಯಂಥ ಕಪ್ಪು ಜಾಗ. ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸುತ್ತ ಹೋದರು. ಮಿದುಳಿನ ಬುಡದಲ್ಲಿ, ಕುದುರೆಯ ಜೀನಿನ ಆಕಾರದ ಒಂದು ಸಣ್ಣ ಎಲುಬಿದೆ. ಅದರ ತಗ್ಗಿನಲ್ಲಿ ಬಟಾಣಿ ಕಾಳಿನಷ್ಟು ಗ್ರಂಥಿ ಕೂತಿರುತ್ತದೆ. ಮೈ ಬೆಳೆಯಲು ಬೇಕಾದ ಹಾರ್ಮೋನು ಅಲ್ಲಿಂದಲೇ ರಕ್ತಕ್ಕೆ ಇಳಿಯಬೇಕು.

"ಇವರದು ಆ ಎಲುಬಿನ ತಗ್ಗೂ ಸಣ್ಣದದ, ಒಳಗಿನ ಕಾಳೂ ಸಣ್ಣದದ. ಹಾರ್ಮೋನು ತಯಾರ ಆಗವಲ್ದು. ನಿಮ್ಮ ತಪ್ಪಲ್ಲ, ಊಟದ್ದೂ ತಪ್ಪಲ್ಲ," ಎಂದರು ಅಪ್ಪನಿಗೆ.

ಅಪ್ಪ ತಲೆಯಾಡಿಸಿದ. ಆಗ ಅಕ್ಕ ಕುರ್ಚಿಯಿಂದ ಇಳಿದು ಚಿತ್ರದ ಹತ್ತಿರ ಹೋಗಿ ನಿಂತಳು.

"ಡಾಕ್ಟರಬಾಯಿ, ಉಳಿದ ಮಿದುಳು ಬೆಳದೈತೇನ್ರಿ? ಐದು ವರ್ಷದ ಕೂಸಿಂದ ಐತೇನ್ರಿ ಇದು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾರ ಹೇಳಿದ್ರು ನಿಮಗ? ಕೂಸಿಂದಲ್ಲ. ಪೂರಾ ಬೆಳದದ. ಇಲ್ಲಿ ನೋಡ್ರಿ, ನಂದೂ ಹಿಂಗ ಇರ್ತದ."

ಅಕ್ಕ ಆ ಬೂದು ಚಿತ್ರದ ಮೇಲೆ ಬೆರಳಿಟ್ಟು ಅಂಚಿನ ಸುತ್ತ ನಿಧಾನಕ್ಕೆ ಸರಿಸಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ಅತ್ತಳು.

ಅಪ್ಪನೂ ಅಕ್ಕನೂ ಹೊರಗೆ ಹೋದ ಮೇಲೆ ನಾನು ಕಾಗದಗಳನ್ನು ತೆಗೆದುಕೊಳ್ಳಲು ಹಿಂದೆ ಉಳಿದೆ. ಅಕ್ಕನ ಕೈಗೆ ಯಾಕೆ ಹಿಡಿತವಿಲ್ಲ, ಲೆಕ್ಕ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಡಾಕ್ಟರಮ್ಮ ಹೇಳಿದರು: "ಈ ಹಾರ್ಮೋನು ಬರೇ ಎಲುಬಿಗಷ್ಟ ಅಲ್ಲವ್ವಾ. ಮಿದುಳಿನ ಒಳಗಿನ ಎಳಿಗಳು ಹೆಣಕೊಳ್ಳೂದರಾಗೂ ಅದರ ಕೈ ಇರಬಹುದು. ಇವರ ಎಳಿ ಹೆಂಗ ಹೆಣದಾವು ಅನ್ನೂದು ಈ ಚಿತ್ರದಾಗ ಕಾಣೂದಿಲ್ಲ. ಖರೆ ಹೇಳಬೇಕಂದ್ರ, ನಮಗೂ ಇನ್ನಾ ಗೊತ್ತಿಲ್ಲ."

ಅಕ್ಕ ಮೊದಲ ಮಾತನ್ನು ಮಾತ್ರ ಕೇಳಿದ್ದಳು. ಎರಡನೆಯದನ್ನು ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಅವಳು ಕಂಡವರಿಗೆಲ್ಲ, "ನನ್ನ ಮಿದುಳು ಪೂರಾ ಬೆಳದೈತಿ, ಫೋಟೋ ಐತಿ," ಎಂದು ಹೇಳಿದಳು. ಕೆಲವರು ನಕ್ಕರು. ಅವಳು ಬಿಡಲಿಲ್ಲ. ಮತ್ತೆ ಏಳನೆಯ ಪರೀಕ್ಷೆಗೆ ಕೂತು ಪಾಸಾದಳು. ಲೆಕ್ಕದಲ್ಲಿ ತೇಲಿ ದಡ ಹತ್ತಿದಳು, ಕನ್ನಡದಲ್ಲಿ ಶಾಲೆಗೇ ಮೊದಲು.

ಒಂದೂವರೆ ವರ್ಷದ ಮೇಲೆ ಡಾಕ್ಟರಮ್ಮನ ಪತ್ರ ಬಂತು. ಹೊರದೇಶದಿಂದ ಆ ಹಾರ್ಮೋನಿನ ಔಷಧಿ ಕೆಲವೇ ಮಕ್ಕಳಿಗೆ ಸಾಕಾಗುವಷ್ಟು ಬಂದಿದೆ, ಅಕ್ಕನ ಹೆಸರನ್ನೂ ಸೇರಿಸಿದ್ದೇನೆ ಎಂದಿತ್ತು. ಅಪ್ಪ ರಜೆ ಹಾಕಿ ಹೋಗಿ ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿಸಿ ಸಣ್ಣ ಬಾಟಲಿಗಳನ್ನು ತಂದ. ವಾರಕ್ಕೆ ಮೂರು ಇಂಜಕ್ಷನ್. ಹಾಕುವವರು ನಮ್ಮ ಓಣಿಯ ನರ್ಸಬಾಯಿ. ದವಾಖಾನೆಯಲ್ಲಿ ಲಸಿಕೆ ಇಡುವ ಫ್ರಿಜ್ಜಿನ ಮೂಲೆಯಲ್ಲಿ ಅವರು ಬಾಟಲಿಗಳಿಗೆ ಜಾಗ ಮಾಡಿಕೊಟ್ಟರು. ಬೇಸಿಗೆಯಲ್ಲಿ ದಿನಗಟ್ಟಲೆ ಕರೆಂಟು ಹೋದಾಗ ಅಪ್ಪ ಇಳಕಲ್ಲಿನ ಸೋಡಾ ಕಾರ್ಖಾನೆಯಿಂದ ಮಂಜುಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಮುಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ತನ್ನ ಸೀಟಿನ ಕೆಳಗಿಟ್ಟು ತರುತ್ತಿದ್ದ. ಹುನಗುಂದ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ನಾನು ಅದನ್ನು ತಲೆಯ ಮೇಲಿಟ್ಟುಕೊಂಡು ದವಾಖಾನೆಗೆ ಓಡಬೇಕು. ತಣ್ಣೀರು ಬೆನ್ನಿಗಿಳಿದು ರವಿಕೆ ಒದ್ದೆಯಾಗುತ್ತಿತ್ತು.

ಆ ಔಷಧಿ ಎಲ್ಲಿಂದ ಬರುತ್ತದೆಂದು ಡಾಕ್ಟರಮ್ಮ ಅಪ್ಪನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಸತ್ತವರ ತಲೆಯೊಳಗಿನ ಆ ಕಾಳಿನಂಥ ಗ್ರಂಥಿಯಿಂದ ತೆಗೆಯುತ್ತಾರೆ. ಒಂದು ಮಗುವಿಗೆ ಒಂದು ವರ್ಷ ಸಾಲಬೇಕೆಂದರೆ ಬಹಳ ಜನರದು ಬೇಕಾಗುತ್ತದೆ. ಅಪ್ಪ ಅದನ್ನು ನಮ್ಮಿಬ್ಬರಿಗೆ ಹೇಳಿ, "ಅವ್ವಗ ಹೇಳಬ್ಯಾಡ್ರಿ," ಎಂದ. ಮಡಿಯಿಂದ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಅವ್ವ ಅದನ್ನು ತಡೆದುಕೊಳ್ಳುವುದಿಲ್ಲ ಎಂದು ಅವನ ಭಯ.

ಅಕ್ಕ ಆ ಸಂಗತಿಯನ್ನು ಬೇರೆ ಥರ ತೆಗೆದುಕೊಂಡಳು. ಇಂಜಕ್ಷನ್ನಿನ ದಿನ ಹೊರಡುವ ಮೊದಲು ದೇವರ ಜಗುಲಿಯ ಮುಂದೆ ನಿಂತು ಕೈ ಮುಗಿಯುತ್ತಿದ್ದಳು. "ಯಾರಿಗೆ ಮುಗಿತೀ?" ಅಂದರೆ, "ಇವತ್ತ ನನ್ನ ಮೈಯಾಗ ಬರಾವರು ಯಾರೋ, ಅವರಿಗೆ," ಅನ್ನುತ್ತಿದ್ದಳು. "ಹೆಂಗಸೋ ಗಂಡಸೋ ಗೊತ್ತಿಲ್ಲ. ಎತ್ತರ ಇದ್ದಿರಬೇಕು."

ಅವಳು ಬೆಳೆದಳು. ಮೊದಲ ವರ್ಷ ನಾಲ್ಕು ಬೆರಳು. ಒಂದು ಮುಂಜಾನೆ ಲಂಗ ಉಟ್ಟುಕೊಂಡು ಅಡುಗೆಮನೆಗೆ ಬಂದು, "ಎವ್ವಾ, ಇದು ಗಿಡ್ಡಾತು," ಅಂದಳು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಅವಳ ಕಾಲಿನ ಹರಡಿಗೂ ಲಂಗದ ಅಂಚಿಗೂ ನಡುವಿನ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವತ್ತು ಸಂಜೆಯೇ ಹೊಸ ಬಟ್ಟೆ ಬಂತು, ಅಕ್ಕನ ಅಳತೆಗೆಂದೇ ಅಂಗಡಿಯಲ್ಲಿ ಹರಿಸಿ ತಂದದ್ದು. ಎರಡನೆಯ ವರ್ಷ ಇನ್ನೂ ಎರಡೂವರೆ ಬೆರಳು. ಅವಳ ದನಿ ಸ್ವಲ್ಪ ಬದಲಾಯಿತು, ನಡಿಗೆಯಲ್ಲಿ ಬಿಗಿ ಬಂತು. ಆಗಲೂ ಅವಳು ನನ್ನ ಭುಜಕ್ಕಿಂತ ಕೆಳಗೇ ಇದ್ದಳು. ಆದರೆ ಆ ಎರಡು ವರ್ಷ ನಮ್ಮ ಮನೆಯಲ್ಲಿ ನಗು ಇತ್ತು.

ಆಮೇಲೆ ಒಂದು ಮಧ್ಯಾಹ್ನ ಡಾಕ್ಟರಮ್ಮನ ಇನ್ನೊಂದು ಪತ್ರ ಬಂತು. ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಬೇಕಾಯಿತು. ಅವ್ವನೂ ಅಲ್ಲೇ ಕೂತಿದ್ದಳು, ಎದ್ದು ಹೋಗು ಅನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಹೊರದೇಶದಲ್ಲಿ ಇದೇ ಔಷಧಿ ಪಡೆದ ಕೆಲವರು ವರ್ಷಗಳ ನಂತರ ಮಿದುಳಿನ ಭಯಂಕರ ರೋಗದಿಂದ ತೀರಿಕೊಂಡಿದ್ದಾರೆ. ಸತ್ತವರ ಗ್ರಂಥಿಯಿಂದಲೇ ಆ ರೋಗ ಬಂದಿರಬಹುದೆಂಬ ಅನುಮಾನವಿದೆ. ಔಷಧಿಯನ್ನು ನಿಲ್ಲಿಸಲಾಗಿದೆ. ಉಳಿದ ಬಾಟಲಿಗಳನ್ನು ಉಪಯೋಗಿಸಬೇಡಿ. ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಮರೆವು ಕಂಡರೆ ಕೂಡಲೇ ತಿಳಿಸಿ. ರೋಗ ಬರಲೇಬೇಕೆಂದಿಲ್ಲ, ಬಹಳ ಜನರಿಗೆ ಬಾರದು. ಆದರೆ ಇಂತಿಷ್ಟು ವರ್ಷ ಕಳೆದರೆ ಗಂಡಾಂತರ ದಾಟಿತೆಂದು ಹೇಳಲಾರೆ.

ನಾನು ಓದಿ ಮುಗಿಸಿದೆ. ಅವ್ವ ಮೊದಲು ಕೇಳಿದ್ದು ರೋಗದ ಮಾತಲ್ಲ.

"ಸತ್ತವರ ತಲಿಯಿಂದಾ?" ಅಂದಳು ಅಪ್ಪನಿಗೆ. "ಹೆಣದ್ದು ತಂದು ನನ್ನ ಕೂಸಿನ ಮೈಯಾಗ ಹಾಕಸಿದ್ರಿ? ನನಗ ಒಂದು ಮಾತ ಹೇಳಲಿಲ್ಲ ನೀವು?"

"ಹೇಳಿದ್ರ ನೀ ಒಪ್ಪತಿದ್ದಿಲ್ಲ."

"ಒಪ್ಪತಿದ್ದಿಲ್ಲ. ಗಿಡ್ಡಕಿನ ಇರತಿದ್ಲು. ಇದ್ದರ ಏನಾಕಿತ್ತು?"

ಅಕ್ಕ ಎದ್ದು ಹೋಗಿ ಅವ್ವನ ಪಕ್ಕದಲ್ಲಿ ಕೂತಳು. "ಎವ್ವಾ, ಅಪ್ಪಗ ಅನಬ್ಯಾಡ. ನಾ ಕೇಳಿ ಹಾಕಿಸ್ಕೊಂಡೇನಿ. ಅವರೂ ಬೇಕಂತ ಕೊಟ್ಟಿಲ್ಲ ರೋಗ. ಪಾಪ, ಸತ್ತವರು ಏನ ಮಾಡ್ಯಾರು?" ಅಂದಳು. ಅವಳಿಗೆ ಆಗ ಹತ್ತೊಂಬತ್ತು ವರ್ಷ.

ಅವತ್ತಿನಿಂದ ನಾವು ಅವಳನ್ನು ನೋಡುವ ರೀತಿಯೇ ಬದಲಾಯಿತು. ಅವಳು ತಂಬಿಗೆ ಬೀಳಿಸಿದರೆ ಮೂವರೂ ಬೆಚ್ಚುತ್ತಿದ್ದೆವು. ಅವಳ ಕೈ ಮೊದಲಿನಿಂದಲೂ ಹಾಗೆಯೇ ಇತ್ತು, ಅದು ಗೊತ್ತಿದ್ದೂ ಬೆಚ್ಚುತ್ತಿದ್ದೆವು. ಅಪ್ಪ ಡ್ಯೂಟಿಯಿಂದ ಬಂದವನೇ ಅವಳನ್ನು ಏನಾದರೊಂದು ನೆವದಿಂದ ಅಂಗಳದ ಆ ತುದಿಗೆ ಕಳಿಸಿ, ನಡೆದು ಬರುವುದನ್ನು ನೋಡುತ್ತಿದ್ದ. ನಾನು ಹಳೆಯ ವಚನಗಳನ್ನು ಕೇಳಿ ಹೇಳಿಸುತ್ತಿದ್ದೆ. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಒಂದು ಸಲ ನಡುವೆಯೇ ನಿಲ್ಲಿಸಿ, ಬೇಕೆಂದೇ ಮರೆತವಳ ಹಾಗೆ ಕಣ್ಣು ಪಿಳಿಪಿಳಿ ಮಾಡಿದಳು. ನನ್ನ ಮುಖ ಹೇಗಾಯಿತೋ, ಕೂಡಲೇ ನನ್ನನ್ನು ಅಪ್ಪಿಕೊಂಡು, "ಚ್ಯಾಷ್ಟಿ ಮಾಡಿದ್ನೇ ಹುಚ್ಚಿ, ನೆನಪೈತಿ," ಅಂದಳು.

ನನಗೆ ಬಾದಾಮಿಯಿಂದ ಸಂಬಂಧ ಬಂತು. ದೊಡ್ಡವಳಿಗೆ ಆಗದೆ ಸಣ್ಣವಳಿಗೆ ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೆ ಗಂಡಿನ ಕಡೆಯವರು ನೋಡಲು ಬರುವ ಹಿಂದಿನ ದಿನ, ಅಕ್ಕನನ್ನು ಬಾಗಲಕೋಟೆಯ ಚಿಗವ್ವನ ಮನೆಗೆ ಕಳಿಸುವುದೆಂದು ಅವ್ವ ಅಪ್ಪ ನಿಶ್ಚಯ ಮಾಡಿದರು. "ರಕ್ತದಾಗ ಐತೇನು ಅಂತ ಕೇಳ್ತಾರ," ಅಂದಳು ಅವ್ವ, ನೆಲ ನೋಡುತ್ತ. ಅಕ್ಕ ತಾನೇ ಚೀಲ ತುಂಬಿಕೊಂಡಳು. ನನ್ನ ಜಡೆ ಹೆಣೆಯಲು ಸ್ಟೂಲು ಹತ್ತಿ ನಿಂತಳು, ಹಿಡಿತ ಸಿಗದೆ ಎರಡು ಸಲ ಬಿಚ್ಚಿ ಹೆಣೆದಳು. ಆಮೇಲೆ ಅಪ್ಪನ ಗಾಡಿಯಲ್ಲೇ ಹೊರಟುಹೋದಳು. ಹೋಗಬೇಡ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಸಂಬಂಧ ಕೂಡಿತು. ಲಗ್ನದ ದಿನ ಅವಳನ್ನು ಕಂಡ ನನ್ನ ಅತ್ತೆ, "ಇವರು ಯಾರ?" ಎಂದು ಕೇಳಿದಾಗ ಅವಳೇ ಮುಂದೆ ಬಂದು ಹೇಳಿದಳು: "ನಾ ಅಕ್ಕ ರೀ, ಇಕಿಗಿಂತ ದೊಡ್ಡಾಕಿ."

ನನ್ನ ಮಗಳು ಹುಟ್ಟಿ ಎಂಟು ತಿಂಗಳಾಗಿತ್ತು. ಅಕ್ಕನಿಗೆ ಜ್ವರ ಬಂದು ವಾಂತಿಯಾಗುತ್ತಿದೆ ಎಂದು ಹುನಗುಂದದಿಂದ ಬಾದಾಮಿಗೆ ಸುದ್ದಿ ಬಂತು. ಅಂಥ ಜ್ವರ ಆ ಮಳೆಗಾಲದಲ್ಲಿ ಮನೆಮನೆಗೂ ಇತ್ತು. ಮರುದಿನ ಅವಳು ಏಳಲಾರದೆ ಮಂಪರಿನಲ್ಲಿದ್ದಳಂತೆ. ಅಪ್ಪ ಅವಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಾಗಲಕೋಟೆಗೆ ಹೊರಟ. ಮಾತು ತೊದಲುತ್ತಿದ್ದುದನ್ನು ಕಂಡು, ಇಷ್ಟು ವರ್ಷ ಹೆದರಿದ್ದ ಆ ಮಿದುಳಿನ ರೋಗವೇ ಬಂತೆಂದುಕೊಂಡನಂತೆ. ದವಾಖಾನೆಯಲ್ಲಿ ಡಾಕ್ಟರಿಗೂ ಅದನ್ನೇ ಹೇಳಿದ. ಅವರು ಪಾಪ, ಕೇಳರಿಯದ ರೋಗದ ಹೆಸರಿಗೆ ಏನು ಮಾಡಬೇಕು? ನಾನು ಮಗುವನ್ನು ಎತ್ತಿಕೊಂಡು ರೈಲಿಳಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಕಟ್ಟೆಯ ಮೇಲೆ ಖಾಕಿ ಅಂಗಿಯಲ್ಲೇ ಕೂತಿದ್ದ.

ಅಕ್ಕನಿಗೆ ಇಪ್ಪತ್ತಮೂರು ವರ್ಷ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಕುಣಿ ತೋಡಲು ಬಂದವರು ಅವಳನ್ನು ನೋಡಿ ಸಣ್ಣ ಮಕ್ಕಳ ಅಳತೆಗೆ ಗುರುತು ಹಾಕಿದ್ದರು. ಅಪ್ಪ ಅಲ್ಲಿಗೆ ಹೋದವನೇ ಆ ಗುರುತನ್ನು ಕಾಲಿನಿಂದ ಅಳಿಸಿದ.

"ದೊಡ್ಡವರಿಗೆ ತೋಡೂವಂಗ ತೋಡ್ರಿ," ಎಂದ. "ಕೂಸಲ್ಲ ಅಕಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪೂರಾ ಅಳತೆಗೆ ತೋಡಿದರು. ಗಟ್ಟಿ ನೆಲ, ಬಹಳ ಹೊತ್ತು ಹಿಡಿಯಿತು. ಅಪ್ಪ ತಾನೂ ಸನಿಕೆ ಹಿಡಿದ.

ಮೂರು ತಿಂಗಳ ಮೇಲೆ ನಾನು ಡಾಕ್ಟರಮ್ಮನಿಗೆ ಬರೆದೆ. ಆ ಕೊನೆಯ ಎರಡು ದಿನ ಹೇಗಿದ್ದಳೆಂದು ಅವ್ವನಿಂದ ಕೇಳಿ, ಒಂದೊಂದನ್ನೂ ಬಿಡಿಸಿ ಬರೆದೆ. ಅವರು ತಮ್ಮ ಕೈಯಾರೆ ಕನ್ನಡದಲ್ಲಿ ಉತ್ತರ ಕಳಿಸಿದರು. ನಾವು ಹೆದರಿದ ರೋಗ ಅದಲ್ಲ ಎಂದಿತ್ತು. ಆ ರೋಗ ಎರಡು ದಿನಕ್ಕೆ ಬಂದು ಹೋಗುವುದಲ್ಲ. ಆ ಗ್ರಂಥಿ ಬೆಳವಣಿಗೆಯ ಹಾರ್ಮೋನು ಒಂದನ್ನೇ ಅಲ್ಲ, ಕಾಯಿಲೆ ಬಿದ್ದಾಗ ಮೈಯನ್ನು ತಡೆದು ನಿಲ್ಲಿಸುವ ಇನ್ನೊಂದು ಹಾರ್ಮೋನನ್ನೂ ನಡೆಸುತ್ತದೆ. ಅಕ್ಕನಲ್ಲಿ ಅದೂ ವರ್ಷದಿಂದ ವರ್ಷಕ್ಕೆ ಬತ್ತಿರಬೇಕು. ಜ್ವರ, ವಾಂತಿ ಬಂದಾಗ ಆ ಕೊರತೆ ತುಂಬುವ ಸಾದಾ ಇಂಜಕ್ಷನ್ ಒಂದು ಕೊಟ್ಟಿದ್ದರೆ ಬದುಕುತ್ತಿದ್ದಳೇನೋ. ಅದು ಎಲ್ಲ ದವಾಖಾನೆಗಳಲ್ಲೂ ಇರುತ್ತದೆ. "ಇದನ್ನು ನಾನು ಮತ್ತೆ ಮತ್ತೆ ಪರೀಕ್ಷೆ ಮಾಡಬೇಕಿತ್ತು, ನಿಮಗೆ ಮೊದಲೇ ಹೇಳಬೇಕಿತ್ತು," ಎಂದು ಬರೆದಿದ್ದರು. "ನಾನೂ ಅವರ ಎತ್ತರವನ್ನೇ ನೋಡುತ್ತಿದ್ದೆ. ಸಾಧ್ಯವಾದರೆ ಕ್ಷಮಿಸಿರಿ."

ಆ ಪತ್ರ ಬಂದ ವಾರ ಅಪ್ಪ ಬಾದಾಮಿಗೆ ಬಂದಿದ್ದ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮುಂಬಯಿ ಬಾಯಿ ಏನರೆ ಬರದಾರೇನ?" ಎಂದು ಕೇಳಿದ.

ಪತ್ರ ಒಳಗೆ ಹಾಸಿಗೆಯ ಕೆಳಗಿತ್ತು. ಅಕ್ಕನನ್ನು ಬಸ್ಸಿನಲ್ಲಿ ಒಯ್ಯುವಾಗ ಅವನು ಡಾಕ್ಟರಿಗೆ ಹೇಳಬೇಕೆಂದು ನೆನಪು ಮಾಡಿಕೊಳ್ಳುತ್ತಿದ್ದ ಮಾತೆಲ್ಲ ಆ ಬೇರೆ ರೋಗದ್ದು, ಡಾಕ್ಟರು ಕೇಳಿದ್ದೂ ಅದನ್ನೇ.

"ಬರದಾರಪ್ಪಾ," ಅಂದೆ. "ಯಾರ ಕೈಯಾಗೂ ಇದ್ದಿಲ್ಲಂತ."

ಅಪ್ಪ ತಲೆಯಾಡಿಸಿದ. ಮಗು ಅವನ ಅಂಗಿಯ ಗುಂಡಿ ಜಗ್ಗುತ್ತಿತ್ತು. ನಾನು ಚಹಾಕ್ಕೆ ನೀರಿಡಲು ಒಳಗೆ ಹೋದೆ.